ಮೊದಲ ಪೀಸು, ಕೊನೆಯ ಪೀಸು

ಕೋವಿಡ್ ಕಳೆದು ಎರಡು ವರ್ಷವಾಗಿತ್ತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ, ತಯಾರಾದ ಬಿಡಿಭಾಗ ಅಳೆದು ಪಾಸ್ ಮಾಡುವ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತನಾದ ನಾನು, ಯಲಹಂಕದ ಪುಟ್ಟ ಸಾಫ್ಟ್‌ವೇರ್ ಕಚೇರಿಯಲ್ಲಿ ಟೆಸ್ಟರ್ ಆಗಿ ಸೇರಿದ್ದೆ. ಓದಿದ್ದು ಎಸ್‌ಎಸ್‌ಎಲ್‌ಸಿ. ಕೋಡ್ ಬರೆಯಲು ಬಾರದು. ಬರೆದವರು ಕೊಟ್ಟ ಪಟ್ಟಿಯಂತೆ ಒಂದೊಂದೇ ಒತ್ತಿ ನೋಡಿ, ಸರಿ ಬಂದರೆ ಟಿಕ್ ಹಾಕುವುದು ನನ್ನ ಕೆಲಸ.

ಅಮೃತಹಳ್ಳಿಯ ಒಂದು ಡಯಾಲಿಸಿಸ್ ಕೇಂದ್ರಕ್ಕೆ ನಾವು ವೆಬ್‌ಸೈಟ್ ಮಾಡಿಕೊಟ್ಟಿದ್ದೆವು. ಯಾವ ಮಷಿನ್ ಯಾವ ಹೊತ್ತಿಗೆ ಖಾಲಿ ಇದೆಯೆಂದು ರೋಗಿಯ ಮನೆಯವರು ಮೊಬೈಲಿನಲ್ಲೇ ನೋಡಿ ಸ್ಲಾಟ್ ಹಿಡಿಯಬೇಕು. ಆ ಪುಟ ತೆರೆಯಲು ಹನ್ನೊಂದು ಸೆಕೆಂಡ್ ಬೇಕಿತ್ತು. ಎಲ್ಲರೂ ಒಟ್ಟಿಗೆ ನೋಡಿದರೆ ತೆರೆಯುತ್ತಲೇ ಇರಲಿಲ್ಲ. ದಿನವೂ ಬೈಗುಳ. ಕೊನೆಗೆ ನಮ್ಮ ಡೆವಲಪರ್ ಶ್ವೇತಾ ಕ್ಯಾಶಿಂಗ್ ಅಳವಡಿಸಿದಳು. ಅಂದರೆ, ಪ್ರತಿ ಸಲ ಡೇಟಾಬೇಸನ್ನು ಕೇಳದೆ, ಒಮ್ಮೆ ತಂದ ಪಟ್ಟಿಯ ನಕಲನ್ನು ಹತ್ತು ನಿಮಿಷ ಇಟ್ಟುಕೊಂಡು ಅದನ್ನೇ ಎಲ್ಲರಿಗೂ ತೋರಿಸುವುದು. ಯಾರಾದರೂ ಸ್ಲಾಟ್ ಹಿಡಿದ ಕೂಡಲೇ ಹಳೆಯ ನಕಲು ಅಳಿದು ಹೊಸದು ಬರಬೇಕು.

"ಅಂಕಲ್, ಎರಡು ಫೋನ್ ಇಟ್ಕೊಳ್ಳಿ. ಒಂದ್ರಲ್ಲಿ ಬುಕ್ ಮಾಡಿ, ತಕ್ಷಣ ಇನ್ನೊಂದ್ರಲ್ಲಿ ಅದೇ ಸ್ಲಾಟ್ ಒತ್ತಿ ನೋಡಿ. ಅಲ್ಲೇ ನಂಗೆ ಡೌಟು," ಎಂದಳು.

ಪಟ್ಟಿಯಲ್ಲಿ ನಲವತ್ತು ಸಾಲು. ನನ್ನದು ಕಾರ್ಖಾನೆಯ ರೂಢಿ. ಅಲ್ಲಿ ಮಷಿನ್ ಸೆಟ್ ಮಾಡಿದ ಮೇಲೆ ಮೊದಲ ಪೀಸು ಅಳೆಯುತ್ತಿದ್ದೆವು, ಆ ಕಂತಿನ ಲಾಟ್ ಮುಗಿದಾಗ ಕೊನೆಯ ಪೀಸು. ಎರಡೂ ಸರಿಯಿದ್ದರೆ ನಡುವಿನವೆಲ್ಲ ಪಾಸ್. ಇಲ್ಲೂ ಮೊದಲ ಸಾಲು ನೋಡಿದೆ. ಪುಟ ಒಂದೇ ಸೆಕೆಂಡಿಗೆ ತೆರೆಯಿತು. ಕೊನೆಯ ಸಾಲೂ ಸರಿಯಿತ್ತು. ಉಳಿದ ಮೂವತ್ತೆಂಟಕ್ಕೂ ಒಟ್ಟಿಗೆ ಟಿಕ್ ಹಾಕಿ ಟೀ ಕುಡಿಯಲು ಹೋದೆ. ಎರಡು ಫೋನಿನ ಪರೀಕ್ಷೆ ಹದಿನೇಳನೆಯ ಸಾಲಿನಲ್ಲಿತ್ತು.

ಮೂರನೆಯ ದಿನ ಬೆಳಿಗ್ಗೆ ಕೇಂದ್ರದಿಂದ ಕರೆ ಬಂತು. ನಮ್ಮ ಕಚೇರಿಯ ಮಾಲೀಕರು ನನ್ನನ್ನೂ ಶ್ವೇತಾಳನ್ನೂ ಅಲ್ಲಿಗೆ ಕರೆದುಕೊಂಡು ಹೋದರು. ಹಳೆಯ ನಕಲು ಅಳಿಯದೆ, ಏಳು ಗಂಟೆಯ ಒಂದೇ ಮಷಿನ್ ಇಬ್ಬರು ರೋಗಿಗಳ ಹೆಸರಿಗೆ ಬುಕ್ ಆಗಿತ್ತು. ಮೊದಲು ಹಿಡಿದವರು ಆಗಲೇ ಆ ಮಷಿನ್ ಹಾಕಿಸಿಕೊಂಡು ಮಲಗಿದ್ದರು. ಆರ್.ಟಿ. ನಗರದಿಂದ ಗಂಡನನ್ನು ಆಟೋದಲ್ಲಿ ಕರೆತಂದಿದ್ದ ನೂರ್‌ಜಹಾನ್ ಎಂಬಾಕೆ ಬೆಂಚಿನ ಮೇಲೆ ಕುಳಿತಿದ್ದರು. ಗಂಡನ ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಆಕೆ ಫೋನನ್ನು ನನ್ನ ಮುಖಕ್ಕೆ ಹಿಡಿದರು.

"ನಿಮ್ ಕಂಪ್ಯೂಟರು ಜಾಗ ಐತೆ ಅಂತದೆ ಸಾರ್. ಇವ್ರು ಇಲ್ಲ ಅಂತಾರೆ. ನಮ್ ಯಜಮಾನ್ರ ಮೈಯಾಗೆ ನೀರು ತುಂಬ್ತಾ ಐತೆ, ಅದು ಯಾರ ಮಾತು ಕೇಳ್ತದೆ?"

ಮಾಲೀಕರು ಅಲ್ಲೇ ಶ್ವೇತಾಳ ಕಡೆ ತಿರುಗಿದರು. "ರಾಮಣ್ಣೋರು ಪೀಣ್ಯದಲ್ಲಿ ಪಳಗಿದೋರು. ಅವ್ರು ಪಾಸ್ ಮಾಡಿದಾರೆ ಅಂದ್ರೆ ಅವತ್ತು ಸರಿ ಇತ್ತು. ಆಮೇಲೆ ನೀನೇ ಏನೋ ಮುಟ್ಟಿದೀಯ."

ಶ್ವೇತಾ ನನ್ನನ್ನು ನೋಡಿದಳು. ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

ಸಂಜೆ ಒಂದು ಮಷಿನ್ ಖಾಲಿಯಾಗುವ ಹೊತ್ತಿಗೆ ನೂರ್‌ಜಹಾನ್ ಅವರ ಗಂಡನಿಗೆ ಉಸಿರಾಡಲು ಆಗುತ್ತಿರಲಿಲ್ಲ. ಆಂಬುಲೆನ್ಸ್ ಬಂತು, ನಾಲ್ಕು ದಿನ ಐಸಿಯುನಲ್ಲಿದ್ದರು. ಶ್ವೇತಾ ಅಂದೇ ದೋಷ ಸರಿಪಡಿಸಿದಳು, ತಿಂಗಳೊಳಗೆ ಕೆಲಸ ಬಿಟ್ಟಳು. ನನಗೆ ಮಾಲೀಕರ ಮೇಲೆ ಸಿಟ್ಟು, ಆ ಉದ್ದ ಪಟ್ಟಿಯ ಮೇಲೆ ಸಿಟ್ಟು, ಹಾಳು ನಕಲಿನ ಮೇಲೂ ಸಿಟ್ಟು. ಎಲ್ಲರ ಮೇಲೂ ಸಿಟ್ಟು ಮಾಡಿ ಮುಗಿದ ಮೇಲೆ ಉಳಿದವನು ನಾನೊಬ್ಬನೇ.

ತಡೆಯಲಾಗದೆ ಒಂದು ದಿನ ಕೇಂದ್ರಕ್ಕೆ ಹೋದೆ. ಗಂಡ ಚೇತರಿಸಿಕೊಂಡು ಒಳಗೆ ಮಷಿನ್ ಮೇಲಿದ್ದರು. ಹೊರಗಿದ್ದ ನೂರ್‌ಜಹಾನ್ ಅವರಿಗೆ ಎಲ್ಲವನ್ನೂ ಹೇಳಿದೆ. ಆಕೆ ಕೈಲಿದ್ದ ಚೀಲವನ್ನು ಬೆಂಚಿನ ಮೇಲಿಟ್ಟರು.

"ನನಗ್ಯಾಕ್ ಹೇಳ್ತೀರ ಸಾರ್? ನನ್ ಕಣ್ಮುಂದೆ ಬೈಸ್ಕೊಂಡಿದ್ದು ಆ ಹುಡುಗಿ. ಅವ್ಳಿಗೆ ಹೇಳಿದ್ರಾ?"

ಗೇಟಿನ ಬಳಿ ನಿಂತೇ ಶ್ವೇತಾಳಿಗೆ ಫೋನ್ ಮಾಡಿದೆ.

"ಗೊತ್ತಿತ್ತು ಅಂಕಲ್," ಎಂದಳು. "ಮೂವತ್ತೆಂಟು ಟಿಕ್‌ಗೂ ಶೀಟಲ್ಲಿ ಒಂದೇ ಟೈಮ್ ಬಿದ್ದಿತ್ತು. ನೀವೇ ಹೇಳ್ತೀರ ಅಂತ ಕಾಯ್ತಾ ಇದ್ದೆ."

ಮರುದಿನ ಮಾಲೀಕರ ಮುಂದೆ ತಪ್ಪೊಪ್ಪಿಕೊಂಡೆ. ಆಮೇಲೆ ಎರಡು ಫೋನ್ ಇಟ್ಟುಕೊಂಡು ಹದಿನೇಳನೆಯ ಸಾಲಿಗೆ ಕುಳಿತೆ. ಒಂದರಲ್ಲಿ ಬುಕ್ ಮಾಡಿ ಇನ್ನೊಂದರಲ್ಲಿ ಒತ್ತಿದೆ. ಸ್ಲಾಟ್ ಖಾಲಿ ಇಲ್ಲ ಎಂದಿತು. ಟಿಕ್ ಹಾಕುವುದೆಂದರೆ ಕಣ್ಣಾರೆ ಕಂಡೆನೆಂದು ಮಾತು ಕೊಡುವುದು. ಇದನ್ನು ಕಲಿಯಲು ನನಗೆ ಮೂವತ್ತು ವರ್ಷ ಬೇಕಾಯಿತು. ಆ ಪರೀಕ್ಷೆಗೆ ಎರಡು ನಿಮಿಷವೂ ಹಿಡಿಯಲಿಲ್ಲ.