ಬಸವನಹುಳುವಿನ ಕೊಬ್ಬು ಮತ್ತು ನಮ್ಮ ಮೇಡಂ

ನಮ್ಮ ಮೇಡಂ ಅವರ ಬೆರಳ ತುದಿಗಳು ಸದಾ ಬಿಳಚಿಕೊಂಡು ಸುಲಿದಿರುತ್ತಿದ್ದವು. ಕಡಲ ಬಸವನಹುಳುಗಳಿಂದ ಕೊಬ್ಬು ತೆಗೆಯುವ ದ್ರಾವಕಗಳು ಅವರ ಚರ್ಮದ ಜಿಡ್ಡನ್ನೂ ಬಿಟ್ಟಿರಲಿಲ್ಲ. ದೊಡ್ಡಬಳ್ಳಾಪುರದ ಕಾಲೇಜಿಗೆ ಆ ಹುಳುಗಳು ಕಾರವಾರದಿಂದ ಐಸ್ ಡಬ್ಬಿಯಲ್ಲಿ ಬರುತ್ತಿದ್ದವು. ಸಂಜೆ ಲ್ಯಾಬಿನ ಕಿಟಕಿ ತೆರೆದು, ಹುರಿದ ಅವರೆಕಾಳನ್ನು ನನ್ನ ಕೈಗೂ ಹಾಕಿ, "ಇನ್ನೊಂದ್ಸಲ ನೋಡಮ್ಮ" ಅನ್ನುವುದು ಅವರ ಅಭ್ಯಾಸ. ನಾನು ರಾಜಘಟ್ಟದಿಂದ ಅವರ ಬಳಿ ಸಂಶೋಧನೆಗೆ ಬಂದವಳು.

ಆ ಕೊಬ್ಬಿನ ಆಮ್ಲವೊಂದರಲ್ಲಿ ಇಂಗಾಲದ ಪರಮಾಣುಗಳ ನಡುವಿನ ಎರಡು ದ್ವಿಬಂಧಗಳು ಬೇರೆಲ್ಲೂ ಕಾಣದ ಜಾಗದಲ್ಲಿವೆ, ಹಾಗಾಗಿ ಅದು ಹೊಸ ಕೊಬ್ಬು ಎಂದು ಮೇಡಂ ಪ್ರಕಟಿಸಿದ್ದರು. ಅದಕ್ಕೆ ಊರಿನಲ್ಲಿ ಅವರಿಗೆ ಸನ್ಮಾನ ನಿಗದಿಯಾಯಿತು. ಅದೇ ವಾರ, ಬಂಧಗಳು ಪರೀಕ್ಷೆಯ ಯಂತ್ರದೊಳಗೆ ಜಾಗ ಬದಲಿಸದಂತೆ ಹಿಡಿದಿಡುವ ಬೇರೆ ವಿಧಾನದಲ್ಲಿ ನಾನು ಪರೀಕ್ಷಿಸಿದಾಗ ಅವು ಎಲ್ಲರಿಗೂ ಗೊತ್ತಿದ್ದ ಜಾಗದಲ್ಲೇ ಇದ್ದವು. ಮೂರನೇ ಸಲವೂ ಹಾಗೇ ಬಂತು.

ಅವರ ಮೇಜಿನ ಮುಂದೆ ನಿಂತಾಗ ನನಗೇ ನಾಚಿಕೆ. ಅವರು ನನ್ನ ಫಲಿತಾಂಶದ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಅವರ ಕಿವಿ ಕೆಂಪಾಯಿತು.

"ಹುಳು ಸುಳ್ಳು ಹೇಳ್ಲಿಲ್ಲ ಕಣಮ್ಮ. ನಾನೇ ಅವಸರ ಮಾಡ್ಬಿಟ್ಟೆ."

ಪ್ರಾಂಶುಪಾಲರು, ಇಲ್ಲಿ ಯಾರಿಗೆ ತಿಳಿಯುತ್ತೆ, ಸನ್ಮಾನ ಮುಗಿಯಲಿ ಎಂದರು. ಮೇಡಂ ಕೇಳಲಿಲ್ಲ. ವೇದಿಕೆಯ ಮೇಲೆ ಶಾಲು ಹೊದಿಸಲು ಬಂದವರನ್ನು ತಡೆದು, ತಾವು ಬರೆದದ್ದು ತಪ್ಪು, ಸರಿಪಡಿಸಿದವಳು ಅಗೋ ಅಲ್ಲಿದ್ದಾಳೆ ಎಂದು ನನ್ನತ್ತ ಕೈ ತೋರಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನು ತಲೆ ತಗ್ಗಿಸಿದವಳು ಎತ್ತಲೇ ಇಲ್ಲ.

ಸಂಶೋಧನಾ ಪತ್ರಿಕೆಗೆ ತಿದ್ದುಪಡಿ ಹೋಯಿತು, ನನ್ನ ಹೆಸರು ಮೊದಲು. ಆದರೆ ಅವರು ಸ್ಟಾಫ್ ರೂಮಿಗೆ ಹೋಗುವುದನ್ನು ಬಿಟ್ಟರು. ಲ್ಯಾಬಿನಲ್ಲೇ ಗೋಡೆಗೆ ಮುಖ ಮಾಡಿ ಊಟ ಮಾಡುತ್ತಿದ್ದರು. ನನ್ನ ಮೇಲೆ ಒಂದು ದಿನವೂ ಸಿಡುಕಲಿಲ್ಲ. ಸಿಡುಕಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಹೋದ ವರ್ಷ ಮೇಡಂ ತೀರಿಕೊಂಡರು. ಸಂತಾಪ ಸಭೆಯಲ್ಲಿ ಒಬ್ಬರಾದ ಮೇಲೆ ಒಬ್ಬರು, ಜಗತ್ತಿನಲ್ಲೇ ಇಲ್ಲದ ಹೊಸ ಕೊಬ್ಬು ಕಂಡುಹಿಡಿದವರು ಎಂದು ಹೊಗಳಿದರು. ಸತ್ತವರ ಮುಂದೆ ಇದನ್ನು ಎತ್ತುವುದೇ ಎಂದು ಮೈ ಕುಗ್ಗಿತು. ಆದರೂ ನನ್ನ ಸರದಿ ಬಂದಾಗ ಎದ್ದು, ಅದನ್ನು ಮೇಡಂ ತಾವೇ ಎಲ್ಲರೆದುರು ಹಿಂದಕ್ಕೆ ಪಡೆದಿದ್ದರು ಎಂದೆ. ಸಭೆ ಗುಸುಗುಟ್ಟಿತು. ಯಾರೋ ಕೂತ್ಕೊಳಮ್ಮ ಅಂದರು. ನಾನು ಅರ್ಧಕ್ಕೇ ನಿಲ್ಲಿಸಿದೆ.

ಮುಂದಿನ ಸಾಲಿನಲ್ಲಿದ್ದ ಮೇಡಂ ಅವರ ಯಜಮಾನರು ತಲೆಯೆತ್ತಿ ನೋಡಿದರು.

"ಪೂರ್ತಿ ಹೇಳಮ್ಮ," ಎಂದರು. "ಅವಳಿಗೆ ಅದೇ ಬೇಕಾಗಿದ್ದು."