ಸುಗಂಧಿ ಹೊಡೆದುಹಾಕಿದ ಸುಳ್ಳು

ಬೆಳಿಗ್ಗೆ ಒಂಬತ್ತೂವರೆ ಗಂಟೆಗೆ ಸುಗಂಧಿ ಲಸಿಕೆಯ ಫ್ರಿಜ್ಜಿನ ಮುಚ್ಚಳ ತೆರೆದು, ಒಳಗಿನ ಥರ್ಮಾಮೀಟರ್ ನೋಡಿ, "ನಾಲ್ಕು" ಎಂದು ಗಟ್ಟಿಯಾಗಿ ಹೇಳಿ, ಪುಸ್ತಕದಲ್ಲಿ ಬರೆದುಕೊಂಡಳು.

ಕೋಲ್ಕತ್ತದ ಡಮ್ ಡಮ್ ಸ್ಟೇಷನ್ನಿನ ಹಿಂದಿನ ಧರ್ಮಾಸ್ಪತ್ರೆಯಲ್ಲಿ ಅವಳು ಫಾರ್ಮಸಿಸ್ಟ್. ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕಾದ ಆ ಅಂಕಿಯನ್ನು ದಿನಕ್ಕೆರಡು ಸಲ ಓದಿ ಬರೆಯುವುದು ಇಪ್ಪತ್ತೆರಡು ವರ್ಷಗಳ ಕೆಲಸ. ಗಟ್ಟಿಯಾಗಿ ಓದಿದರೆ ಬರೆಯುವಾಗ ತಪ್ಪುವುದಿಲ್ಲ ಎಂದು ಶುರುವಾದ ಅಭ್ಯಾಸ ಅದು. ಬ್ಯಾಂಕಿನಲ್ಲಿದ್ದ ಗಂಡ ಮಂಜಯ್ಯ ಆರು ವರ್ಷದ ಹಿಂದೆ ತೀರಿಕೊಂಡ ಮೇಲೆ, ಎಷ್ಟೋ ದಿನ ಅವಳ ಬಾಯಿಂದ ಹೊರಡುವ ಕನ್ನಡವೆಂದರೆ ಆ ಒಂದು ಪದ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

"ಸುಗಂಧಿ ದೀದಿ, ಫ್ರಿಜ್ ಉತ್ತರ ಕೊಟ್ಟಿತಾ?" ಎಂದು ನರ್ಸ್ ಬಂಗಾಳಿಯಲ್ಲಿ ಛೇಡಿಸಿದಳು.

"ನಿನಗಿಂತ ಬೇಗ ಕೊಡುತ್ತದೆ."

ಆ ಪುಸ್ತಕಕ್ಕೊಂದು ನಿಯಮವಿತ್ತು. ತಪ್ಪು ಅಂಕಿಯ ಮೇಲೆಯೇ ತಿದ್ದಿ ಬರೆಯುವಂತಿಲ್ಲ. ಒಂದು ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ತಪ್ಪೂ ಕಾಣುತ್ತಿರಬೇಕು.

ಆ ತಿಂಗಳು ಹದಿನೈದು ತುಂಬದ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಬಂದಿತ್ತು. ಮಂಗಳವಾರ ಕರೆತನ್ನಿ ಎಂದು ಸುಗಂಧಿ ಕನ್ನಡದ ಹೆಂಗಸರ ವಾಟ್ಸ್‌ಆ್ಯಪ್ ಗುಂಪಿಗೆ ತಿಳಿಸಿದಳು. ಅವಳ ಮನೆಯಿರುವ ಕಟ್ಟಡದ ಮೂರನೇ ಮಹಡಿಯ ಶ್ರೀವಿದ್ಯಾ, "ನಮ್ಮ ಮೈತ್ರಿಗೆ ಮುಂದಿನ ತಿಂಗಳ ಹದಿನೈದು ತುಂಬತೈತಿ, ಬರ್ತೀವಿ" ಎಂದು ಬರೆದಳು. ಸಂಜೆಗೆ ಎಲ್ಲಿಂದಲೋ ಒಂದು ದನಿಸಂದೇಶ ಬಂತು: ಇದನ್ನು ಚುಚ್ಚಿಸಿಕೊಂಡ ಹುಡುಗಿಗೆ ಮುಂದೆ ಮಕ್ಕಳಾಗುವುದಿಲ್ಲ. ಸುಗಂಧಿ ಎರಡು ತಾಸು ಕೂತು ಉತ್ತರ ಬರೆದಳು. ಡೆನ್ಮಾರ್ಕಿನಲ್ಲಿ ಹತ್ತು ಲಕ್ಷದ ಹತ್ತಿರ ಹೆಣ್ಣುಮಕ್ಕಳ ದಾಖಲೆಗಳನ್ನು ವರ್ಷಗಟ್ಟಲೆ ಪರಿಶೀಲಿಸಿದ್ದಾರೆ, ಈ ಲಸಿಕೆ ಹಾಕಿಸಿಕೊಂಡವರಲ್ಲಿ ಅಂಡಾಶಯದ ತೊಂದರೆ ಹೆಚ್ಚಾಗಿಲ್ಲ. ಗರ್ಭಕೋಶವನ್ನೇ ತೆಗೆಯಬೇಕಾಗಿ ಬರುವುದು ಆ ಕ್ಯಾನ್ಸರ್ ಬಂದಾಗ. ಎಲ್ಲರೂ ಓದಿದ ಗುರುತು ಬಿತ್ತು. ಶ್ರೀವಿದ್ಯಾಳ ಮಾತು ಗುಂಪಿನಿಂದ ಅಳಿಸಿಹೋಗಿತ್ತು. ಮಂಗಳವಾರ ಕನ್ನಡದವರು ಒಬ್ಬರೂ ಬರಲಿಲ್ಲ.

ಗುರುವಾರ ಸಂಜೆ ಶ್ರೀವಿದ್ಯಾ ತಿಂಡಿಯ ಡಬ್ಬಿ ವಾಪಸು ಕೊಡಲು ಸುಗಂಧಿಯ ಮನೆಗೆ ಬಂದವಳು ಬಾಗಿಲಲ್ಲೇ ನಿಂತಳು.

"ನಾ ಬರಬೇಕಂತನ ಇದ್ದೆ ಅಕ್ಕಾ. ನಮ್ಮ ಅತ್ತಿ ಒಲ್ಲೆ ಅಂತಾರ."

"ನಾನು ಬರೆದದ್ದು ಅವರಿಗೆ ಹೇಳಿದ್ರಾ?"

"ಓದೇ ಹೇಳ್ದೆ. ಡೆನ್ಮಾರ್ಕ್ ಮಂದಿ ಸುದ್ದಿ ನಮಗ್ಯಾಕ, ನಮ್ಮ ಬಿಲ್ಡಿಂಗ್‌ನಾಗ..." ಶ್ರೀವಿದ್ಯಾ ಡಬ್ಬಿಯ ಮುಚ್ಚಳ ತಿರುಗಿಸತೊಡಗಿದಳು.

"ಹೇಳಿ ಮಾರಾಯ್ತಿ. ನಾನೆಂತ ಬೇಜಾರು ಮಾಡುದಿಲ್ಲ."

"ಇಪ್ಪತ್ತು ವರ್ಷದಿಂದ ಆ ಮದ್ದಿನ ಪೆಟಿಗಿ ಕಾಯಾಕತ್ತಾಳ, ತಾನೂ ಚುಚ್ಚಿಸ್ಕೊಂಡಾಳ, ಆಕಿ ಉಡಿಯಾಗ ಏನ ಬಿತ್ತು, ಅಂದ್ರು."

ಸುಗಂಧಿ ಕುರ್ಚಿ ತೋರಿಸಿದಳು. ತಾನೂ ಕೂತಳು. ವದಂತಿಗೆ ಸಾಕ್ಷಿಯಾಗಿದ್ದವಳು ಮಕ್ಕಳಿಲ್ಲದ ಅವಳೇ. ಆ ಸಾಕ್ಷಿಯನ್ನು ಒದಗಿಸಿದವಳೂ ಅವಳೇ. ಊರಿನಲ್ಲಿ ತನ್ನ ಅತ್ತೆ ಕೇಳಿದಾಗ, ಕೋಲ್ಕತ್ತದಲ್ಲಿ ನೆರೆಯವರು ಕೇಳಿದಾಗ, "ನನ್ನಲ್ಲೇ ತೊಂದರೆ" ಎಂದು ಹೇಳುತ್ತ ಬಂದಿದ್ದಳು. ಮಂಜಯ್ಯ ಹಾಗೆ ಹೇಳು ಎಂದಿರಲಿಲ್ಲ. ಯಾರಿಗೂ ಹೇಳಬೇಡ ಎಂದಷ್ಟೇ ಕೇಳಿಕೊಂಡಿದ್ದ, ಅವಳು ಮಾತು ಕೊಟ್ಟಿದ್ದಳು.

"ಕೆಲಸಕ್ಕೆ ಸೇರುವಾಗ ನಾನು ಹೆಪಟೈಟಿಸ್ ಲಸಿಕೆ ತಕೊಂಡೆ, ಎರಡು ಸಾವಿರದ ಮೂರರಲ್ಲಿ," ಎಂದಳು. "ಮಕ್ಕಳಾಗುದಿಲ್ಲ ಅಂತ ಗೊತ್ತಾದ್ದು ಅದಕ್ಕಿಂತ ಎರಡು ವರ್ಷ ಮುಂಚೆ. ಮತ್ತೆ, ತೊಂದರೆ ನನ್ನದಲ್ಲ. ಅವರದ್ದು."

ಶ್ರೀವಿದ್ಯಾ ಗೋಡೆಯ ಮೇಲಿನ ಮಂಜಯ್ಯನ ಫೋಟೋ ಕಡೆ ನೋಡಿ ಕಣ್ಣು ತೆಗೆದಳು. "ಮತ್ತ ಇಷ್ಟು ವರ್ಷ ನೀವು..."

"ಸುಳ್ಳು ಹೇಳಿದ್ದು."

"ಅತ್ತಿಗೆ ಹೇಳ್ಲೇನ್ರಿ?"

ಅತ್ತೆಗೆ ಹೇಳಿದರೆ ನಾಳೆ ಗುಂಪಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ಮಂಜಯ್ಯನ ಹೆಸರು ಬಂದಾಗಲೆಲ್ಲ ಜನರಿಗೆ ಮೊದಲು ನೆನಪಾಗುವುದು ಅದೇ.

"ಹೇಳಿ," ಎಂದಳು ಸುಗಂಧಿ. "ರಿಪೋರ್ಟ್ ಬೇಕಾದ್ರೆ ಉಂಟು."

ಮುಂದಿನ ಮಂಗಳವಾರ ಹತ್ತು ಗಂಟೆಗೆ ಮೈತ್ರಿ ಬಂದಳು. ಜೊತೆಯಲ್ಲಿ ಶ್ರೀವಿದ್ಯಾ, ಅವಳ ಹಿಂದೆ ಅತ್ತೆ ರೇಣುಕಾ. ಸೂಜಿ ಚುಚ್ಚುವಾಗ ಅಜ್ಜಿ ಮೊಮ್ಮಗಳ ಇನ್ನೊಂದು ಕೈ ಹಿಡಿದುಕೊಂಡಿದ್ದಳು.

"ಅಜ್ಜಿ, ಬಿಡು, ಪೇನ್ ಈ ಕೈಯಲ್ಲೇ ಜಾಸ್ತಿ," ಎಂದಳು ಮೈತ್ರಿ.

"ಕೈ ಸ್ವಲ್ಪ ನೋಯ್ತದೆ. ಜ್ವರ ಬಂದರೂ ಬರಬಹುದು, ಒಂದೆರಡು ದಿನ," ಎಂದು ಸುಗಂಧಿ ಹೇಳಿ, ಎಲ್ಲರಿಗೂ ಹೇಳುವಂತೆ ಅರ್ಧ ಗಂಟೆ ಕೂರಿಸಿದಳು. ಅಷ್ಟು ಹೊತ್ತೂ ರೇಣುಕಾ ಅವಳ ಮುಖ ನೋಡಲಿಲ್ಲ. ಹೊರಡುವಾಗ, ಚಪ್ಪಲಿ ಮೆಟ್ಟುತ್ತ, "ನಿಮ್ಮ ಮನಿಯವ್ರು ಛಲೋ ಮನಶ್ಯಾ ಇದ್ರು ಬಿಡ್ರಿ," ಎಂದಳು.

"ಹೌದು," ಎಂದಳು ಸುಗಂಧಿ.

ಬೇರೆ ಯಾರೂ ಬರಲಿಲ್ಲ. ಗುಂಪಿನಲ್ಲಿ ಅವಳೊಡನೆ ಯಾರೂ ಆ ಮಾತೆತ್ತಲಿಲ್ಲ. ಅವಳಿಲ್ಲದ ಕಡೆ ಎತ್ತಿರುತ್ತಾರೆಂದು ಅವಳಿಗೆ ಗೊತ್ತಿತ್ತು. ಸಂಜೆ ಮನೆಗೆ ಬಂದು, ಫೋಟೋದ ಗಾಜು ಒರೆಸಿ, ಬಟ್ಟೆ ಮಡಿಸಿಟ್ಟಳು.

ಕಾಳಿಘಾಟಿನ ಹತ್ತಿರದ ಲ್ಯಾಬಿನ ಹೊರಗಿನ ಬೆಂಚು ನೆನಪಾಯಿತು. ದೇವಸ್ಥಾನಕ್ಕೆ ಹೋಗುವ ಜನ ಅವರಿಬ್ಬರ ಮುಂದೆಯೇ ಸಾಗುತ್ತಿದ್ದರು. ಮಂಜಯ್ಯ ಲಕೋಟೆ ಒಡೆಯಲಿಲ್ಲ. "ನೀನೇ ಓದು, ನಿಂಗೆ ಇದೆಲ್ಲ ಗೊತ್ತಾಗ್ತದೆ," ಎಂದು ಅವಳ ಮಡಿಲಲ್ಲಿ ಇಟ್ಟು, ಎದುರಿನ ದಾಸವಾಳದ ಮಾಲೆಗಳ ಅಂಗಡಿ ನೋಡುತ್ತ ಕೂತ. ಅವಳು ಲಕೋಟೆ ಒಡೆದು ವೀರ್ಯಾಣುಗಳ ಎಣಿಕೆಯ ಸಾಲು ಹುಡುಕಿದಳು. ಇನ್ನೊಮ್ಮೆ ನೋಡಿದಳು.

"ಎಷ್ಟುಂಟು?" ಎಂದ.

"ಸೊನ್ನೆ."