ನಾನೇ ಬರೆದುಕೊಂಡ ನನ್ನ ಸನ್ಮಾನದ ಸುದ್ದಿ

ನನಗೆ ಸನ್ಮಾನವಾದ ಸುದ್ದಿಯನ್ನು ನಾನೇ ಬರೆದೆ. ಅದೂ ಸನ್ಮಾನವಾಗುವ ಮೊದಲೇ. ಕಲಬುರಗಿಯ ನಮ್ಮ ಸಣ್ಣ ಪತ್ರಿಕೆಯಲ್ಲಿ ಅದೇ ರೂಢಿ. ತಾಲ್ಲೂಕು ಪುಟ ಮಧ್ಯಾಹ್ನಕ್ಕೇ ಮುಗಿಯಬೇಕು, ಸಭೆಗಳೋ ಮಧ್ಯಾಹ್ನವಾದರೂ ಮುಗಿಯುವುದಿಲ್ಲ. ಹಾಗಾಗಿ ಆಮಂತ್ರಣ ಪತ್ರಿಕೆ ಮುಂದಿಟ್ಟುಕೊಂಡು ಹಿಂದಿನ ಸಂಜೆಯೇ ‘ಉದ್ಘಾಟಿಸಿದರು’, ‘ಅಧ್ಯಕ್ಷತೆ ವಹಿಸಿದ್ದರು’ ಎಂದು ಬರೆದು ಕೊಟ್ಟುಬಿಡುತ್ತೇವೆ. ಊರಿಗೇ ಬಾರದ ಅತಿಥಿಗಳು ನಮ್ಮ ಪುಟದಲ್ಲಿ ಎಷ್ಟೋ ಸಲ ದೀಪ ಹಚ್ಚಿದ್ದಾರೆ.

ಆಗ ನಾನು ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಕಮಲಾಪುರದ ಸುದ್ದಿ ನನ್ನ ಪಾಲಿಗೆ ಬಂದಿತ್ತು. ಆ ಊರಿಗೆ ಸ್ವಲ್ಪ ಈಚೆ ಹೆದ್ದಾರಿಯ ಒಂದು ಕ್ರಾಸಿನಲ್ಲಿ ಏಳೆಂಟು ಹುಡುಗಿಯರು ಕಲಬುರಗಿಯ ಕಾಲೇಜಿಗೆ ಹೋಗಲು ಬೆಳಿಗ್ಗೆ ಕೈ ಮಾಡಿಕೊಂಡು ನಿಲ್ಲುತ್ತಿದ್ದರು. ಬಸ್ಸುಗಳು ನೋಡಿಯೂ ನೋಡದಂತೆ ಹೋಗಿಬಿಡುತ್ತಿದ್ದವು. ಫೋಟೊ ತೆಗೆದು ಬರೆದೆ. ಮೂರನೆಯ ದಿನ ಬಸ್ಸು ನಿಂತಿತು, ಅದನ್ನೂ ಬರೆದೆ. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಮಲಾಪುರದ ಸಂಘವೊಂದು ನನಗೂ, ಬಸ್ಸು ನಿಲ್ಲಿಸಲು ಆದೇಶ ಕೊಟ್ಟ ಸಾರಿಗೆ ಅಧಿಕಾರಿಗೂ ಒಂದೇ ವೇದಿಕೆಯಲ್ಲಿ ಸನ್ಮಾನ ಇಟ್ಟುಕೊಂಡಿತು.

ಕಚೇರಿಯಲ್ಲಿ ಪುಟ ನೋಡಿಕೊಳ್ಳುವ ಹಿರಿಯರೊಬ್ಬರು ಮಾತ್ರ ಮುಖ ಕಿವಿಚಿದರು. “ಹೊಸಬರಿಗಿ ಶಾಲು ಹೊಚ್ಚಬಾರ್ದವಾ. ಬೆಚ್ಚಗಾಗಿ ಮಲಗಿಬಿಡ್ತಾರ,” ಎಂದರು. ಹೊಟ್ಟೆಕಿಚ್ಚಿನ ಮುದುಕ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮುಂದಿನ ಹದಿನೈದು ದಿನ ನನಗೆ ಬಿಡುವೇ ಇರಲಿಲ್ಲ. ನಾವಿರುವ ಗಾಜಿಪುರದಲ್ಲಿ ಅವ್ವ ಓಣಿಯ ಒಂದು ಮನೆಯನ್ನೂ ಬಿಡದೆ ಹೇಳಿ ಬಂದಳು. ಸೇಡಂ ರಸ್ತೆಯ ಸ್ಟುಡಿಯೊದಲ್ಲಿ ಫೋಟೊ ತೆಗೆಸಿದೆ, ಕನ್ನಡಿಯ ಮುಂದೆ ಭಾಷಣ ಮಾಡಿದೆ. ಆ ಕ್ರಾಸಿನ ಕಡೆ ಮಾತ್ರ ಒಂದು ದಿನವೂ ಹೋಗಲಿಲ್ಲ. ಸನ್ಮಾನದ ಹಿಂದಿನ ಸಂಜೆ ಸುದ್ದಿ ಬರೆಯುವಾಗ ಅದು ಸಪ್ಪೆ ಅನ್ನಿಸಿ, ‘ಈಗ ಬಸ್ಸು ತಪ್ಪದೆ ನಿಲ್ಲುತ್ತಿದೆ, ನಿಶ್ಚಿಂತೆಯಿಂದ ಓದುತ್ತಿದ್ದೇವೆ ಎಂದು ವಿದ್ಯಾರ್ಥಿನಿಯೊಬ್ಬಳು ಹರ್ಷ ವ್ಯಕ್ತಪಡಿಸಿದಳು’ ಎಂದು ಒಂದು ಸಾಲು ಸೇರಿಸಿದೆ. ಹೂಗುಚ್ಛ ಕೊಡಲು ಆ ಹುಡುಗಿಯರಲ್ಲೇ ಒಬ್ಬಳನ್ನು ಕರೆದಿದ್ದರು. ಬಂದವಳು ಹರ್ಷಪಡದೆ ಇನ್ನೇನು ಮಾಡುತ್ತಾಳೆ?

ಮರುದಿನ ಹತ್ತು ಗಂಟೆಯ ಸುಮಾರಿಗೆ ನಾನು ಕುಳಿತ ಬಸ್ಸು ಅದೇ ಕ್ರಾಸ್ ದಾಟಿತು. ರಸ್ತೆಯ ಆ ಬದಿ ಹುಡುಗಿಯರು ನಿಂತಿದ್ದರು. ಕೈ ಎತ್ತಿದರು. ನನ್ನ ಗುರುತು ಹಿಡಿದರಲ್ಲ ಎಂದು ಹಿಗ್ಗಿ, ನಾನೂ ಕಿಟಕಿಯಿಂದ ಮಂತ್ರಿಗಳ ಹಾಗೆ ಕೈ ಬೀಸಿದೆ. ಅವರು ಕೈ ಎತ್ತಿದ್ದು ಕಲಬುರಗಿ ಕಡೆಯ ಬಸ್ಸಿಗೆ ಎಂಬುದಾಗಲಿ, ಆ ಹೊತ್ತಿನಲ್ಲಿ ಅವರು ಕಾಲೇಜಿನಲ್ಲಿರಬೇಕಿತ್ತು ಎಂಬುದಾಗಲಿ ನನ್ನ ತಲೆಗೆ ಹೊಳೆಯಲೇ ಇಲ್ಲ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ, ನಗುವೂ ಬರುತ್ತದೆ.

ವೇದಿಕೆಯಲ್ಲಿ ನನಗೂ ಅಧಿಕಾರಿಗೂ ಶಾಲು ಹೊದಿಸಿದರು. ಸಂಘದ ಅಧ್ಯಕ್ಷರು “ಈ ತಾಯಿ ಬರದಾಳ, ಬಸ್ ನಿಂತದ!” ಎಂದು ಕೂಗಿದರು. ಚಪ್ಪಾಳೆ ಬಿತ್ತು. ಯಾರದೋ ಬೈಕಿನ ಮೇಲೆ ತಡವಾಗಿ ಬಂದ ಹುಡುಗಿ, ಬೆವರು ಒರೆಸಿಕೊಳ್ಳುತ್ತ ಹೂಗುಚ್ಛ ಕೊಟ್ಟು ನನ್ನ ಕಿವಿಯ ಹತ್ತಿರ ಬಾಗಿದಳು.

“ಮೇಡಂ, ಎಂಟು ದಿನ ಆತ್ರೀ, ಬಸ್ ನಿಂದ್ರವಲ್ದು. ಹಾಜರಿ ಕಮ್ಮಿ ಬಿದ್ದದ. ಪರೀಕ್ಷಾಕ್ಕ ಕೂಡಸಂಗಿಲ್ಲ ಅಂತ ಕಾಲೇಜಿನ್ಯಾಗ ಅನ್ನಾಕತ್ತಾರ. ಬಸ್ಸಿಲ್ಲ ಅಂದ್ರ ನಂಬವಲ್ಲರು, ಪೇಪರಿನ್ಯಾಗ ಬಂದದಲ್ಲ ನಿಂದರ್ತದಂತ ಅಂತಾರ.”

ನಾಳೆಯ ಪೇಪರಿನಲ್ಲಿ ಅದೇ ಮಾತು ಮತ್ತೆ ಬರಲಿತ್ತು, ಈ ಸಲ ಅವಳ ಬಾಯಿಂದಲೇ. ಕಳಿಸಿದ್ದ ಸುದ್ದಿಯನ್ನು ಫೋನಿನಲ್ಲಿ ತೋರಿಸಿದೆ. ಅವಳು ಓದಿ ಮುಖ ಎತ್ತಿದಳು.

“ಇದು ನಾ ಯಾವಾಗ ಅಂದೀನ್ರೀ?”

ಅಷ್ಟರಲ್ಲಿ ಭಾಷಣಕ್ಕೆ ನನ್ನನ್ನು ಕರೆದರು. ಕನ್ನಡಿಯ ಮುಂದೆ ಕಲಿತದ್ದನ್ನೆಲ್ಲ ಬಿಟ್ಟೆ. ಹುಡುಗಿಯ ಕೈ ಹಿಡಿದು ಮೈಕಿನ ಮುಂದೆ ನಿಲ್ಲಿಸಿ, “ನನಗ ಹೇಳಿದ್ದು ಎಲ್ಲಾರಿಗೂ ಹೇಳವಾ,” ಎಂದೆ. ಅವಳು ಹೇಳಿದಳು ನೋಡಿ, ಯಾವ ಬಸ್ಸು, ಎಷ್ಟು ಹೊತ್ತಿಗೆ, ಎಲ್ಲವನ್ನೂ. ಅಧಿಕಾರಿಯ ಹೆಗಲ ಮೇಲೆ ಶಾಲು, ಕೊರಳಲ್ಲಿ ಹಾರ, ಎದುರಿಗೆ ಸಭೆ. ಬೇರೆ ದಿನವಾಗಿದ್ದರೆ ಮೀಟಿಂಗ್ ಇದೆ ಎಂದು ಎದ್ದು ಹೋಗುತ್ತಿದ್ದರೋ ಏನೋ. ಅಲ್ಲೇ ಕುಳಿತು, ಬಸ್ಸು ನಿಲ್ಲಿಸಲೇಬೇಕೆಂದು ಡಿಪೊಗೆ ಫೋನು ಹಚ್ಚಿದರು, ಬಸ್ಸಿಲ್ಲದ ದಿನಗಳಿಗೆ ಕಾಲೇಜಿಗೆ ಪತ್ರ ಕೊಡುತ್ತೇನೆ ಎಂದೂ ಒಪ್ಪಿಕೊಂಡರು. ಆಗ ಬಿದ್ದ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು, ಅದು ನನಗೂ ಅಲ್ಲ, ಅಧಿಕಾರಿಗೂ ಅಲ್ಲ, ಆ ಹುಡುಗಿಗೆ.

ಹೊರಗೆ ಬಂದು ಹಿರಿಯರಿಗೆ ಫೋನ್ ಮಾಡಿ, ನನ್ನ ಸುದ್ದಿ ತೆಗೆಯಿರಿ ಎಂದೆ.

“ತನ್ನ ಸನ್ಮಾನ ತಾನೇ ತಗಸೋರನ್ನ ಇವತ್ತೇ ನೋಡೀನಿ. ಖಾಲಿ ಜಾಗಾಕ್ಕ ಏನು ಹಾಕ್ಲಿ?”

“ಬಸ್ ನಿಂತಿಲ್ರೀ, ನಾ ನೋಡಲಾರ್ದೇ ಬರದೀನಿ. ಅದನ್ನೇ ಹಾಕ್ರಿ.”

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. “ಜಲ್ದಿ ಕಳಸು,” ಎಂದರು, ಅಷ್ಟೇ. ಹೊಟ್ಟೆಕಿಚ್ಚಿನ ಮುದುಕ ಎಂಬ ಮಾತನ್ನು ಅವತ್ತೇ ವಾಪಸು ತೆಗೆದುಕೊಂಡೆ.

ಆ ಸನ್ಮಾನ ನನಗೆ ಒಳ್ಳೆಯದು ಮಾಡಿತೋ ಕೆಟ್ಟದ್ದೋ ಎಂದು ಕೇಳಿದರೆ ಎರಡನ್ನೂ ಹೇಳಬೇಕಾಗುತ್ತದೆ. ಅದರ ಗುಂಗಿನಲ್ಲಿ ಹದಿನೈದು ದಿನ ಕುರುಡಿಯಾದೆ. ಆದರೆ ಆ ಹುಡುಗಿಯನ್ನೂ ಅಧಿಕಾರಿಯನ್ನೂ ಒಂದೇ ಮೈಕಿನ ಮುಂದೆ ತರಲು ನನ್ನ ಬರಹದಿಂದಂತೂ ಆಗುತ್ತಿರಲಿಲ್ಲ.

ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ ಅವಳ ಫೋನು ಬಂತು. ಹಿಂದೆ ಕಂಡಕ್ಟರನ ಸೀಟಿ, ಗದ್ದಲ.

“ಮೇಡಂ, ಬಸ್ಸಿನ್ಯಾಗ ಅದೀನ್ರೀ! ಆದ್ರ ಕಾಲಿಡಾಕ ಜಾಗಿಲ್ಲ. ಅದನ್ನೂ ಬರೀರಿ.”

“ಬರೀತೀನವಾ,” ಎಂದೆ. “ನಾಳೆ ಅದೇ ಬಸ್ಸಿಗಿ ನಾನೂ ಬರ್ತೀನಿ. ನಿಂತು ನೋಡಿ ಬರೀತೀನಿ.”